ಕುಪ್ಪು ಅಕ್ಕನನ್ನು ಕರೆಯಲು ಹೋದದ್ದು

ಹೂಂಗುಟ್ಟುವವರು ಮುಂದೆ ಕೂತುಕೊಳ್ಳಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ನಗುವುದಿದ್ದರೆ ಮೊದಲೇ ನಕ್ಕುಬಿಡಿ, ಆಮೇಲೆ ಆಗಲಿಕ್ಕಿಲ್ಲ. ಇದು ಒಬ್ಬ ಪೆದ್ದನ ಕತೆ. ಪೆದ್ದ ಇವನೊಬ್ಬನೇ ಹೌದೋ ಅಲ್ಲವೋ, ಅದನ್ನು ಕಡೆಗೆ ನೀವೇ ಹೇಳಿ.

ಹೊಳೆ ಸಮುದ್ರ ಸೇರುವ ಕಡೆ ನಡುನೀರಿನಲ್ಲಿ ಎದ್ದು ನಿಂತ ನೆಲಕ್ಕೆ ನಮ್ಮ ಕಡೆ ಕುರ್ವೆ ಅನ್ನುತ್ತಾರೆ. ಅಂಥದ್ದೊಂದು ಕೇದಗೆಕುರ್ವೆ. ಅಲ್ಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಗಂಡ ನೀರು ಪಾಲಾಗಿದ್ದ. ಉಳಿದದ್ದು ಒಬ್ಬಳು ಮಗಳು, ಒಬ್ಬ ಮಗ. ಮಗಳು ಹೊನ್ನಿ ಚುರುಕು. ಮಗ ಕುಪ್ಪುವಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಕುಪ್ಪು ಸುಳ್ಳು ಹೇಳುವವನಲ್ಲ, ಕದಿಯುವವನಲ್ಲ, ಎದುರಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. ಅಂಗಳದಲ್ಲಿ ಮೀನು ಒಣಹಾಕಿ, "ಕಾಗೆ ಬರ್ತದೆ, ನೋಡ್ತಾ ಇರು ಮಗಾ" ಅಂತ ಮಾಸ್ತಮ್ಮ ಹೇಳಿ ಹೋದರೆ, ಕುಪ್ಪು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕಾಗೆ ಬಂತು, ತಿಂತು, ನೆಂಟರನ್ನೂ ಕರೆದು ತಿಂತು. ತಾಯಿ ಬಂದ ಮೇಲೆ, "ನೋಡ್ದೆ ಅವ್ವಿ, ಪೂರಾ ತಿಂದು ಹೋಯ್ತು" ಅಂತ ವರದಿ ಒಪ್ಪಿಸುತ್ತಿದ್ದ. ಮಾಸ್ತಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹೊನ್ನಿಯನ್ನು ಕೊಟ್ಟದ್ದು ಮಳಲಕುರ್ವೆಗೆ. ಅದು ಇನ್ನೊಂದು ಹೊಳೆಯ ಬಾಯಲ್ಲಿರುವ ಇನ್ನೊಂದು ಕುರ್ವೆ. ಇಲ್ಲಿಂದ ತಾರಿ ದಾಟಬೇಕು, ಬಸ್ಸು ಹತ್ತಬೇಕು, ಪೇಟೆಯಲ್ಲಿ ಇಳಿದು ಮತ್ತೊಂದು ಬಸ್ಸು ಹತ್ತಬೇಕು, ಅದು ಇಳಿಸಿದಲ್ಲಿಂದ ಮತ್ತೆ ತಾರಿ. ತಾರಿ ಅಂದರೆ ಜನರನ್ನು ದಾಟಿಸುವ ದೋಣಿ. ಈಗ ಎಂಜಿನ್ ಕೂರಿಸಿದ್ದಾರೆ, ಹೆಸರು ಮಾತ್ರ ಹಳೆಯದೇ. ನಸುಕಿಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಿದರೆ ಪುಣ್ಯ.

ಹೊನ್ನಿ ಚೊಚ್ಚಿಲ ಬಸುರಿ. ಏಳು ತುಂಬಿತ್ತು. ಗಂಡ ಮೀನಿನ ಬೋಟಿನ ಮೇಲೆ ದೂರ ಹೋದವನು ಮಳೆಗಾಲಕ್ಕೇ ಬರುವುದು. ಒಂದು ದಿನ ಬಳೆಗಾರ್ತಿ ಮಾಸ್ತಮ್ಮನ ಜಗಲಿಗೆ ಬಂದು ಕೂತಳು. "ನಿನ್ನ ಮಗಳನ್ನ ಕಂಡೆ ಮಾಸ್ತಕ್ಕ. ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಆರಿಸ್ತಿದ್ಲು. ಕಾಲು ಬಾತು ಕಂಬ ಆಗದೆ. ಮುಖನೂ ಬಾತದೆ. ಬೇಗ ಕರಕಂಡು ಬಾ. ಆ ಅತ್ತೆ ಅವಳನ್ನ ಹೆರೂವರೆಗೂ ಕೆಸರಿಂದ ಮೇಲೆ ಬಿಡುದಿಲ್ಲ" ಅಂದಳು. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ಬಗ್ಗಿ ಬಗ್ಗಿ ಹೆಕ್ಕಬೇಕು. ಮಾಸ್ತಮ್ಮ ಅವತ್ತು ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟಳು.

ಹಾಗಾದರೆ ಅವಳೇ ಹೋಗಿ ಕರೆತರಬಹುದಿತ್ತಲ್ಲ ಅನ್ನುತ್ತೀರಿ. ಹೋಗಬಹುದಿತ್ತು, ಕಾಲು ಗಟ್ಟಿಯಿತ್ತು. ಆದರೆ ಶಾಸ್ತ್ರ ಅದಕ್ಕಿಂತ ಗಟ್ಟಿಯಿತ್ತು. ಚೊಚ್ಚಿಲ ಬಸುರಿಯನ್ನು ಕರೆಯಲು ತವರಿನ ಗಂಡಾಳೇ ಹೋಗಬೇಕು, ಮಡಿಲಿಗೆ ಅವಲಕ್ಕಿ ಬೆಲ್ಲ ತೆಂಗಿನಕಾಯಿ ಹಾಕಿ ಕರೆಯಬೇಕು. ಗಂಡ ಸತ್ತವಳು ಹೋದರೆ ಹೊಟ್ಟೆಯಲ್ಲಿರುವುದಕ್ಕೆ ಕೇಡು. ಕರೆಯದೆ ಹೊನ್ನಿಯೂ ಬರುವ ಹಾಗಿಲ್ಲ. ಹೀಗೆ ಅಷ್ಟು ದೊಡ್ಡ ಕೇರಿಯ ಅಷ್ಟೂ ಬುದ್ಧಿವಂತರು ಸೇರಿ, ಹೋಗಬಹುದಾದವರು ಯಾರು ಅಂತ ಹುಡುಕಿದರೆ ಸಿಕ್ಕಿದ್ದು ಕುಪ್ಪು.

ಮಾಸ್ತಮ್ಮ ಅವನ ತಲೆಗೆ ಎಣ್ಣೆ ಹಾಕಿ ಬಾಚಿ, ಹೆಗಲಿಗೆ ಚೀಲ ಹಾಕಿ, ದೋಣಿ ನಿಲ್ಲುವ ತಾರಿಬಾಗಿಲ ತನಕ ಬಂದಳು.

"ಅಕ್ಕನ್ನ ಕರಕಂಡು ಬರ್ಬೇಕು, ತಿಳೀತಾ?"

"ಹೂಂ ಅವ್ವಿ."

"ತಾರಿಲಿ ನೂಕಾಡೂಕಾಗ. ಅಪ್ಪ ಅಂಥ ನೂಕಾಟದಲ್ಲೇ ಹೋದದ್ದು. ಎಲ್ಲರೂ ಇಳಿದ ಮೇಲೆ ಇಳಿ."

"ಹೂಂ ಅವ್ವಿ."

ತಾರಿ ಆಚೆ ದಂಡೆ ಮುಟ್ಟಿತು. ಕುಪ್ಪು ಕೂತ. ನಾಕು ಜನ ಇಳಿದರು, ಅಷ್ಟರಲ್ಲಿ ಅತ್ತಲಿಂದ ಆರು ಜನ ಹತ್ತಿದರು. ಎಲ್ಲರೂ ಇಳಿದ ಹಾಗಾಯಿತೇ? ಆಗಲಿಲ್ಲ. ಕುಪ್ಪು ಕೂತೇ ಇದ್ದ. ತಾರಿ ಈಚೆ ಬಂತು, ಇಲ್ಲಿ ಆರು ಜನ ಇಳಿಯುವಾಗ ಎಂಟು ಜನ ಹತ್ತಿದರು. ಕುಪ್ಪು ಕೂತೇ ಇದ್ದ. ಅತ್ತ ಹೋದ, ಇತ್ತ ಬಂದ. ತಾರಿ ನಡೆಸುವ ಪೊಕ್ಕಣ್ಣ, "ಎಂತದೋ ಕುಪ್ಪು, ಗಾಳಿ ತಕಂಬುಕೆ ಬಂದದ್ದಾ?" ಅಂತ ಕೇಳಿದರೆ, "ಅಲ್ಲ ಪೊಕ್ಕಣ್ಣ, ಅಕ್ಕನ್ನ ಕರೂಕೆ ಹೊರಟದ್ದು" ಅಂದ. ದೀಪ ಹಚ್ಚುವ ಹೊತ್ತಿಗೆ ಕೊನೆಯ ತಾರಿ ಕೇದಗೆಕುರ್ವೆಗೆ ಬಂತು. ಎಲ್ಲರೂ ಇಳಿದರು. ಆಗ ಕುಪ್ಪು ಎದ್ದು, ಪಂಚೆ ಕೊಡವಿ, ಮೆಲ್ಲಗೆ ಇಳಿದ.

ದಂಡೆಯಲ್ಲಿ ಮಾಸ್ತಮ್ಮ ಕಾದಿದ್ದಳು. ಮಗಳಿಗೆಂದು ಬಿಸಿನೀರು ಕಾಯಿಸಿಟ್ಟು ಬಂದಿದ್ದಳು.

"ಅಕ್ಕ ಎಲ್ಲೋ?"

"ಎಲ್ಲರೂ ಇಳಿಯುದು ಈಗ ಆಯ್ತಲ್ಲ ಅವ್ವಿ."

ಮಾಸ್ತಮ್ಮ ಅಲ್ಲೇ ಕುಕ್ಕರಿಸಿದಳು. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳಲಿ. ಹಾಗೆ ಕೂತರೆ ಜನ್ಮದಲ್ಲಿ ಊರು ಮುಟ್ತ್ಯಾ? ಯಾರಾದರೂ ಇಳೂಕೆ ಎದ್ರೆ, ಅವರಿಗಿಂತ ಮೊದಲು ನೀ ಇಳೀಬೇಕು."

"ಹೂಂ ಅವ್ವಿ."

ಮಾರನೆಯ ದಿನ ಕುಪ್ಪು ತಾರಿಯಿಂದ ಎಲ್ಲರಿಗಿಂತ ಮೊದಲು ಹಾರಿದ. ದಂಡೆಯಲ್ಲಿ ನಿಂತು ನೋಡುತ್ತಿದ್ದ ಮಾಸ್ತಮ್ಮ, ಇವತ್ತು ಕೆಲಸ ಆಯಿತು ಅಂದುಕೊಂಡಳು. ಬಸ್ಸು ಹತ್ತಿದ, ಕೂತ. ಮೊದಲ ಸ್ಟಾಪಿನಲ್ಲಿ ಮೀನಿನ ಬುಟ್ಟಿಯ ಮುದುಕಿಯೊಬ್ಬಳು ಎದ್ದಳು. ಕುಪ್ಪು ಅವಳನ್ನು ಸರಿಸಿ, ಬುಟ್ಟಿ ದಾಟಿ, ಮೊದಲು ಇಳಿದ. ಬಸ್ಸು ಹೋಯಿತು. ಇನ್ನೊಂದು ಬಸ್ಸಿಗೆ ಕೈ ಮಾಡಿ ಹತ್ತಿದ. ಮುಂದಿನ ಸ್ಟಾಪಿನಲ್ಲಿ ಶಾಲೆಯ ಮಾಸ್ತರರು ಕೊಡೆ ಹಿಡಿದು ಎದ್ದರು. ಕುಪ್ಪು ಅವರಿಗಿಂತ ಮೊದಲು ಇಳಿದ. ಆ ಬಸ್ಸೂ ಹೋಯಿತು. ಹಿಂದೆಯೇ ಬಂದು ಇದನ್ನೆಲ್ಲ ಕಂಡಿದ್ದ ಮೂರನೆಯ ಬಸ್ಸಿನ ಕಂಡಕ್ಟರ, "ನೀ ಹತ್ತುದೂ ಬೇಡ, ಇಳಿಯುದೂ ಬೇಡ" ಅಂತ ಬಾಗಿಲು ಹಾಕಿದ. ಪೇಟೆ ಇನ್ನೂ ಎಲ್ಲೋ ಇತ್ತು. ಕುಪ್ಪು ಬಿಸಿಲಲ್ಲಿ ನಡೆದು ವಾಪಸು ಬಂದ. ದಾರಿಯಲ್ಲಿ ಹಸಿವಾಗಿ ಅಕ್ಕನ ಮಡಿಲಿನ ಅವಲಕ್ಕಿಯನ್ನೂ ತಿಂದಿದ್ದ.

"ಅಕ್ಕ ಎಲ್ಲೋ?"

"ಜನ ಎದ್ದೇ ಏಳ್ತಿದ್ರು ಅವ್ವಿ. ನಾನೇ ಮೊದಲು ಇಳ್ದೆ. ಒಬ್ಬರನ್ನೂ ಮುಂದೆ ಬಿಡ್ಲಿಲ್ಲ."

ಕೇರಿಯವರು ಹೊಟ್ಟೆ ಹಿಡಿದು ನಕ್ಕರು. ನೀವೂ ನಗಿ, ತಪ್ಪಿಲ್ಲ. ಮಾಸ್ತಮ್ಮ ನಗಲಿಲ್ಲ. ಅವಳ ಕಣ್ಣ ಮುಂದೆ ಕೆಸರಿನಲ್ಲಿ ಹೂತ ಎರಡು ಬಾತ ಕಾಲು ಬಿಟ್ಟರೆ ಬೇರೆ ಏನೂ ಇರಲಿಲ್ಲ.

"ಬಸ್ಸಲ್ಲಿ ನಿನ್ನ ತಲೆ ಖರ್ಚು ಮಾಡ್ಬೇಡ" ಅಂದಳು. "ದೊಡ್ಡವರು ಹೇಳಿದ ಹಾಗೆ ಕೇಳು. ಇಳಿ ಅಂದ್ರೆ ಇಳಿ, ಹತ್ತು ಅಂದ್ರೆ ಹತ್ತು, ಹೋಗು ಅಂದ್ರೆ ಹೋಗು. ಎದುರಾಡೂಕಾಗ."

"ಹೂಂ ಅವ್ವಿ."

ಸಾಲ ತಂದ ಅವಲಕ್ಕಿ ಕಟ್ಟಿಕೊಂಡು ಕುಪ್ಪು ಮತ್ತೆ ಹೊರಟ. ಕಂಡಕ್ಟರ ಇಳಿ ಅಂದಲ್ಲಿ ಇಳಿದ, ಹತ್ತು ಅಂದಲ್ಲಿ ಹತ್ತಿದ. ಏನಾಶ್ಚರ್ಯ, ಮಳಲಕುರ್ವೆ ಮುಟ್ಟೇಬಿಟ್ಟ! ಹೊನ್ನಿ ನೀರಲ್ಲಿ ನಿಂತಲ್ಲಿಂದಲೇ ತಮ್ಮನನ್ನು ಕಂಡಳು. ಬುಟ್ಟಿ ಬಿಟ್ಟು, ಮೊಣಕಾಲ ತನಕ ಕೆಸರು ಹೊತ್ತುಕೊಂಡು, ಏದುಸಿರು ಬಿಡುತ್ತ ಮನೆಗೆ ಬಂದಳು. ಗಂಟು ಕಟ್ಟಿಡಲು ಒಳಗೆ ಹೋದಳು.

ಅತ್ತೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ಅವಲಕ್ಕಿ ಬೆಲ್ಲ ಕಾಯಿ ತೆಗೆದು ಒಳಗಿಟ್ಟಳು. ಆಮೇಲೆ ಅಂದಳು: "ಬಂದದ್ದು ಚಲೋ ಆಯ್ತು. ಆದ್ರೆ ಈಗ ಕಳಿಸೂಕಾಗುದಿಲ್ಲ. ಹುಣ್ಣಿಮೆ ಅಮಾಸೆಗೆ ದೊಡ್ಡ ಇಳಿತ ಬರ್ತದೆ, ಹೊಳೆ ತಳ ಕಾಣ್ತದೆ, ಬಳಚು ಆರಿಸೂಕೆ ಕೈ ಬೇಕು. ಅದೆರಡೂ ಕಳೀಲಿ. ಈಗ ನೀ ಹೋಗು."

ದೊಡ್ಡವರು ಹೋಗು ಅಂದರು. ಕುಪ್ಪು ಚೀಲ ಹೆಗಲಿಗೇರಿಸಿದ.

ಹೊನ್ನಿ ಗಂಟು ಹಿಡಿದುಕೊಂಡು ಬಾಗಿಲಿಗೆ ಬಂದಳು. "ತಮ್ಮಾ, ಒಂದು ಮಾತು ಆಡೋ. ಕರಕಂಡೇ ಹೋತೆ ಅನ್ನೋ. ನೀ ಅಂದ್ರೆ ಬಿಡ್ತ್ರು."

"ಅತ್ತೆ ಹೋಗು ಅಂದ್ರಲ್ಲೇ ಅಕ್ಕಾ."

"ನಾ ಕರಕಂಡು ಹೋಗು ಅಂತಿದ್ನಲ್ಲೋ."

"ನಿನಗಿಂತ ಅವರು ದೊಡ್ಡವರು" ಅಂದ ಕುಪ್ಪು, ಕೈ ಮುಗಿದ, ನಡೆದ. ಅತ್ತೆ ಅವನ ಬೆನ್ನಿಗೆ, "ಎಂಥ ಮರ್ಯಾದಸ್ಥ ಹುಡುಗ" ಅಂದಳಂತೆ.

ಇದನ್ನು ಕೇಳಿದ ಮಾಸ್ತಮ್ಮ ಈ ಸಲ ಬೈಯಲಿಲ್ಲ. ಸೆರಗು ಕಟ್ಟಿದಳು, ತಾರಿಬಾಗಿಲಿಗೆ ಹೋದಳು. ಒಂದು ಕಾಲು ದೋಣಿಯಲ್ಲಿಟ್ಟಳು. ಕೇರಿಯ ಹಿರಿಯಳೊಬ್ಬಳು ನೀರು ಹೊತ್ತು ಹೋಗುತ್ತಿದ್ದವಳು ನಿಂತಳು. "ಎಲ್ಲಿಗೆ ಮಾಸ್ತಿ? ಬಸುರಿ ಕರೂಕಾ? ಹೋಗು, ಬೇಡ ಅನ್ನೂದಿಲ್ಲ. ನಾಳೆ ಹೆಚ್ಚು ಕಮ್ಮಿಯಾದ್ರೆ ನಿನ್ನ ಮೇಲೇ ಬರ್ತದೆ, ನೋಡ್ಕೋ" ಅಂದಳು.

ಮಾಸ್ತಮ್ಮ ದೋಣಿಯಲ್ಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಮಗ ತಾಯಿ ಹೇಳಿದ್ದನ್ನು ಕೇಳುತ್ತಿದ್ದ, ತಾಯಿ ಕೇರಿ ಹೇಳಿದ್ದನ್ನು ಕೇಳಿದಳು. ಮಗನನ್ನು ಪೆದ್ದ ಅಂದೆವು, ತಾಯಿಗೆ ಸಂಸ್ಕಾರ ಇದೆ ಅಂದೆವು. ನಮ್ಮ ತಕ್ಕಡಿಯೇ ಹಾಗೆ.

ಹುಣ್ಣಿಮೆ ಕಳೆಯಿತು, ಅಮಾಸೆಯೂ ಕಳೆಯಿತು. ಹೊನ್ನಿಗೆ ಒಂಬತ್ತು ಬಿತ್ತು. ಮಾಸ್ತಮ್ಮ ಮಗನನ್ನು ಎದುರು ಕೂರಿಸಿಕೊಂಡು, ಒಂದೊಂದೇ ಮಾತು ಅಳೆದು ಹೇಳಿದಳು.

"ಬಸ್ಸು ತಾರಿ ನಿಂಗೆ ಈಗ ಗೊತ್ತದೆ. ಇನ್ನು ಯಾರ ಮಾತೂ ಕೇಳೂಕಾಗ. ಅತ್ತೆ ಬಾಯಿ ಬಡಕಂಡ್ರೂ ಕೇಳೂಕಾಗ."

"ಹೂಂ ಅವ್ವಿ."

"ಬಸುರಿ ಕೈಲಿ ಭಾರ ಹೊರಿಸೂಕಾಗ. ಅಕ್ಕನ ಗಂಟು ನೀನೇ ತಕೋ. ಗಂಟು ಕೈಗೆ ಬಂದ ಮೇಲೆ ಯಾರು ಕೂಗಿದ್ರೂ ನಿಲ್ಲೂಕಾಗ, ತಿರುಗಿ ನೋಡೂಕಾಗ. ಸೀದಾ ಮನೆಗೆ ಬಾ."

"ಹೂಂ ಅವ್ವಿ."

ಮಳಲಕುರ್ವೆಯಲ್ಲಿ ಅತ್ತೆ ಇನ್ನೊಂದು ಇಳಿತದ ಮಾತು ತೆಗೆದಳು. ಕುಪ್ಪು ಕೇಳಲಿಲ್ಲ. ಕೂಗಾಡಿದಳು, ಕೇಳಲಿಲ್ಲ. ಹೊನ್ನಿಗೆ ಅಳುವಿನಲ್ಲೂ ನಗು ಬಂತು; ತಮ್ಮನಿಗೆ ಬುದ್ಧಿ ಬಂತಲ್ಲ ಅಂದುಕೊಂಡಳು. ಕಟ್ಟಿಟ್ಟಿದ್ದ ಗಂಟನ್ನು ಅವನ ಕೈಗೆ ಕೊಟ್ಟಳು. ಕುಪ್ಪು ಗಂಟು ತಲೆ ಮೇಲಿಟ್ಟ, ಹೊರಟ.

ಮನೆಯಿಂದ ತಾರಿಗೆ ಉಸುಕಿನ ದಾರಿ. ಉಸುಕಿನಲ್ಲಿ ಗಟ್ಟಿಮುಟ್ಟಾದವರಿಗೇ ಕಾಲು ಎತ್ತುವುದು ಕಷ್ಟ.

"ತಮ್ಮಾ, ಮೆಲ್ಲಗೆ ಹೋಗೋ" ಅಂತ ಹಿಂದಿನಿಂದ ಹೊನ್ನಿ ಕೂಗಿದಳು. ಕುಪ್ಪು ನಿಲ್ಲಲಿಲ್ಲ.

"ತಮ್ಮಾ, ಕಣ್ಣು ಕತ್ತಲೆ ಬತ್ತದ್ಯೋ. ಒಂದು ಚೂರು ನಿಲ್ಲೋ."

ಕುಪ್ಪುವಿಗೆ ನಿಲ್ಲಬೇಕು ಅನಿಸಿತು. ಅಕ್ಕ ಅವನಿಗೆ ತುತ್ತು ಮಾಡಿ ತಿನ್ನಿಸಿದವಳು, ಅವನನ್ನು ಪೆದ್ದ ಅಂದವರ ಮೇಲೆ ಮುಷ್ಟಿ ಉಸುಕು ಎರಚಿದವಳು. ಅವನ ಕಣ್ಣಲ್ಲಿ ನೀರು ಬಂತು. ಆದರೂ ಅವ್ವಿ ಹೇಳಿದ್ದಾಳೆ. ಓಡಿದ ಹಾಗೆ ನಡೆದ, ತಾರಿ ಹತ್ತಿದ, ತಾರಿ ಹೊರಟಿತು. ದಂಡೆಯಲ್ಲಿ ಕೂಗು ಕೇಳುತ್ತಲೇ ಇತ್ತು. ಕುಪ್ಪು ಕತ್ತು ತಿರುಗಿಸಲಿಲ್ಲ. ಹೊನ್ನಿ ಉಸುಕಿನ ಮೇಲೆ ಕೂತುಬಿಟ್ಟಳು. ಅತ್ತೆ ಬಂದು ರಟ್ಟೆ ಹಿಡಿದು ಎಬ್ಬಿಸಿ, "ನಿನ್ನ ತವರಿಗೆ ಗಂಟು ಸಾಕಂತೆ, ನೀ ಬೇಡಂತೆ" ಅಂತ ಮನೆಗೆ ನಡೆಸಿದಳು.

ದೀಪ ಹಚ್ಚುವ ಹೊತ್ತಿಗೆ ಕುಪ್ಪು ಕೇದಗೆಕುರ್ವೆಯಲ್ಲಿ ಇಳಿದ. ಮುಖದಲ್ಲಿ ಗೆದ್ದ ಕಳೆ.

"ಗಂಟು ತಂದೆ ಅವ್ವಿ. ಯಾರ ಮಾತೂ ಕೇಳ್ಲಿಲ್ಲ. ಅತ್ತೆ ಕೂಗಿದ್ರೂ ಕೇಳ್ಲಿಲ್ಲ, ಅಕ್ಕ ಕೂಗಿದ್ರೂ ನಿಲ್ಲಲಿಲ್ಲ. ತಿರುಗಿ ನೋಡ್ಲಿಲ್ಲ, ನಿನ್ನಾಣೆ."

ಮಾಸ್ತಮ್ಮ ಗಂಟು ಬಿಚ್ಚಿದಳು. ಒಳಗೆ ಹಳೆಯ ಸೀರೆಯನ್ನು ಹರಿದು, ಅಂಚು ಮಡಿಸಿ ಹೊಲಿದ ಕೂಸಿನ ಬಟ್ಟೆಗಳಿದ್ದವು. ಅದು ತಾನೇ ಮಗಳಿಗೆ ಮದುವೆಯಲ್ಲಿ ಉಡಿಸಿದ ಸೀರೆ. ಮಾಸ್ತಮ್ಮ ಅದರಲ್ಲೊಂದು ತುಂಡನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಗನನ್ನು ಹೊಡೆದಳು. ಸೌದೆ ತೆಗೆದು ಹೊಡೆದಳು. ಕುಪ್ಪು ಓಡಲಿಲ್ಲ, ಓಡು ಅಂತ ಯಾರೂ ಹೇಳಿರಲಿಲ್ಲ.

"ಬೆಳಗಿನ ತಾರಿಗೆ ಹೋಗು" ಅಂದಳು. "ಅಕ್ಕ ಇಲ್ದೇ ಈ ದಂಡೆಗೆ ಕಾಲಿಡಬೇಡ. ಕೇಳ್ತಾ? ಅಕ್ಕ ಇಲ್ದೇ ಇಲ್ಲಿ ಕಾಲಿಡಬೇಡ."

"ಹೂಂ ಅವ್ವಿ."

ಆ ಸಲ ಕುಪ್ಪು ಒಂದೂ ತಪ್ಪು ಮಾಡಲಿಲ್ಲ. ಸರಿಯಾದ ಬಸ್ಸು ಹತ್ತಿದ, ಸರಿಯಾದ ಕಡೆ ಇಳಿದ, ಹೊಸ ಅವಲಕ್ಕಿಯ ಗಂಟನ್ನು ಮುಟ್ಟಲಿಲ್ಲ. ಮಳಲಕುರ್ವೆಯ ಮನೆ ಮುಂದೆ ಜನ ನಿಂತಿದ್ದರು. ಉಸುಕಿನ ದಿಬ್ಬದ ಆಚೆ ಹೊಗೆ ಇನ್ನೂ ಏಳುತ್ತಿತ್ತು. ದಂಡೆಯಿಂದ ಬಂದ ಹೊನ್ನಿಗೆ ಸಂಜೆಗೇ ನೋವು ಕಾಣಿಸಿಕೊಂಡಿತ್ತು, ಕೈಕಾಲು ಸೆಟೆದು ಹೋಗಿತ್ತು. ಬೆಳಗಾಗುವುದರಲ್ಲಿ ಮುಗಿದಿತ್ತು. ಕುಪ್ಪು ಹೊಗೆ ನೋಡಿದ. ನೀರಿಂದ ಎತ್ತಿ ತಂದ ಅಪ್ಪನನ್ನು ಸುಟ್ಟ ಹೊಗೆಯನ್ನೂ ಅವನು ಹೀಗೇ ನಿಂತು ನೋಡಿದ್ದ. ಅದು ಏನು ಅಂತ ಅವನಿಗೆ ಗೊತ್ತಿತ್ತು.

ಅತ್ತೆ ಒಳಗಿನಿಂದ ಒಂದು ಬಟ್ಟೆಯ ಮುದ್ದೆ ತಂದು ಅವನ ಕೈಗಿಟ್ಟಳು. "ಹೆಣ್ಣು. ಸಾಕುವವರು ಇಲ್ಲಿ ಯಾರೂ ಇಲ್ಲ. ತಕಂಡು ಹೋಗು."

ಹುಣ್ಣಿಮೆ ಕೇಳಲಿಲ್ಲ, ಅಮಾಸೆ ಕೇಳಲಿಲ್ಲ. ಅವಲಕ್ಕಿ ಬಿಚ್ಚು ಅನ್ನಲಿಲ್ಲ. ಬಸುರಿಯನ್ನು ಕಳಿಸಲು ಅಷ್ಟೆಲ್ಲ ಶಾಸ್ತ್ರ ಬೇಕಿತ್ತು, ಕೂಸನ್ನು ಕಳಿಸಲು ಒಂದೂ ಬೇಕಾಗಲಿಲ್ಲ.

ಕುಪ್ಪು ಕೂಸನ್ನು ಎದೆಗೊತ್ತಿಕೊಂಡು ಬಸ್ಸಿನಲ್ಲಿ ಕೂತ. ಕೂಸು ಅತ್ತಿತು. ಎದುರಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸೊಬ್ಬಳು ಮುಖ ನೋಡಿದಳು, ಕೈ ಚಾಚಿದಳು. ಕೂಸು ಅವಳ ಮೊಲೆ ಕುಡಿದು ಮಲಗಿತು. ಇಡೀ ಕತೆಯಲ್ಲಿ ಯಾರನ್ನೂ ಕೇಳದೆ ಸರಿಯಾದ ಕೆಲಸ ಮಾಡಿದವಳು ಅವಳೊಬ್ಬಳೇ. ಅವಳ ಹೆಸರು ನನಗೆ ಗೊತ್ತಿಲ್ಲ.

ಸಂಜೆಯ ತಾರಿ ಕೇದಗೆಕುರ್ವೆ ಮುಟ್ಟಿತು. ಎಲ್ಲರೂ ಇಳಿದರು. ಕುಪ್ಪು ಕೂತೇ ಇದ್ದ.

ಮಾಸ್ತಮ್ಮ ಅವನ ಮುಖ ಕಂಡಳು, ಕೈಯಲ್ಲಿದ್ದ ಕೂಸನ್ನು ಕಂಡಳು, ಪಕ್ಕದ ಖಾಲಿ ಹಲಗೆಯನ್ನು ಕಂಡಳು. ನೀರಿಗಿಳಿದು ದೋಣಿಯ ಅಂಚಿಗೆ ಬಂದಳು. ಕುಪ್ಪು ಬಗ್ಗಿ ಕೂಸನ್ನು ಕೊಟ್ಟ. ಮಾಸ್ತಮ್ಮ ಮೊಮ್ಮಗಳನ್ನು ಎದೆಗೆ ಹಾಕಿಕೊಂಡು, ಬಾಯಿ ತೆರೆದು ಅತ್ತಳು. ಅತ್ತು ಮುಗಿದ ಮೇಲೆ ಅಂದಳು:

"ಇಳಿ ಮಗಾ. ಮನೆಗೆ ಹೋಗುವಾ."

"ಅಕ್ಕ ಇಲ್ವಲ್ಲ ಅವ್ವಿ. ಅಕ್ಕ ಇಲ್ದೇ ಕಾಲಿಡಬೇಡ ಅಂದಿದ್ಯಲ್ಲ."

"ಅಕ್ಕ ಇನ್ನು ಬರೂದಿಲ್ವೋ."

"ಗೊತ್ತದೆ" ಅಂದ ಕುಪ್ಪು.

"ಆ ಮಾತು ಬಿಡು. ಅದನ್ನ ಹೇಳಿದ್ದು ನಾನೇ, ಈಗ ಇಳಿ ಅನ್ನುದೂ ನಾನೇ."

"ಇನ್ನು ಯಾರ ಮಾತೂ ಕೇಳೂಕಾಗ ಅಂತನೂ ನೀನೇ ಹೇಳಿದ್ದು."

ಪೊಕ್ಕಣ್ಣ ಎಂಜಿನ್ ನಿಲ್ಲಿಸಿ ಬಂದು ಕೈ ಹಿಡಿದು ಎಳೆದ. ಕುಪ್ಪು ಹಲಗೆಯನ್ನು ಅಪ್ಪಿಕೊಂಡ. ಮಾಸ್ತಮ್ಮನಿಗೆ ಒಂದು ಉಪಾಯ ಹೊಳೆಯಿತು. ಕೂಸನ್ನು ಎತ್ತಿ ತೋರಿಸಿದಳು.

"ಇಲ್ಲಿ ನೋಡು. ಹೊನ್ನಿ ಬಂದಾಳೆ. ಇವಳೇ ನಿನ್ನ ಅಕ್ಕ. ಇನ್ನು ಇಳೀಲಕ್ಕು."

ಕುಪ್ಪು ಬಗ್ಗಿ ಕೂಸನ್ನು ನೋಡಿದ. ಚೆನ್ನಾಗಿ ನೋಡಿದ.

"ಅಲ್ಲ ಅವ್ವಿ" ಅಂದ. "ಇದು ಅಕ್ಕನ ಕೂಸು. ಅಕ್ಕನ ಮುಖ ನಂಗೆ ಗೊತ್ತದೆ."

ಅವತ್ತಿನಿಂದ ಕುಪ್ಪು ತಾರಿಯಲ್ಲೇ ಇದ್ದಾನೆ. ಪೊಕ್ಕಣ್ಣ ಹಗ್ಗ ಹಿಡಿಯುವ ಕೆಲಸ ಕೊಟ್ಟಿದ್ದಾನೆ. ಆಚೆ ದಂಡೆಯಲ್ಲಿ ಇಳಿಯುತ್ತಾನೆ, ಮೀಯುತ್ತಾನೆ, ಚಾ ಕುಡಿಯುತ್ತಾನೆ. ಈಚೆ ದಂಡೆಯಲ್ಲಿ ಮಾತ್ರ ಹಗ್ಗ ಎಸೆದು ದೋಣಿಯಲ್ಲೇ ನಿಲ್ಲುತ್ತಾನೆ. ಮಾಸ್ತಮ್ಮ ದಿನವೂ ಅನ್ನದ ಬುತ್ತಿ ತಂದು ನೀರಲ್ಲಿ ನಿಂತು ಕೊಟ್ಟು ಹೋಗುತ್ತಾಳೆ. ಅವಳು ಈಗ ಯಾರಿಗೂ ಬುದ್ಧಿ ಹೇಳುವುದಿಲ್ಲ, ಕೇರಿಯವರು ಹೇಳಿದ ಬುದ್ಧಿಯನ್ನು ಕೇಳುವುದೂ ಇಲ್ಲ. ಕೆಟ್ಟ ಮೇಲೆ ಬಂದ ಬುದ್ಧಿ.

ಮೊಮ್ಮಗಳಿಗೂ ಹೊನ್ನಿ ಅಂತಲೇ ಹೆಸರಿಟ್ಟಿದ್ದಾಳೆ. ಅದೇ ಮೂಗು, ಅದೇ ನಡಿಗೆ ಅಂತ ಕಂಡವರು ಹೇಳುತ್ತಾರೆ. ಇನ್ನಷ್ಟು ಬೆಳೆಯಲಿ, ಸೀರೆ ಉಡುವ ಹಾಗಾಗಲಿ, ಒಂದು ದಿನ ಇವಳನ್ನು ಆಚೆ ದಂಡೆಯಿಂದ ತಾರಿ ಹತ್ತಿಸಿ, ಅವನ ಪಕ್ಕದಲ್ಲಿ ಕೂರಿಸಿ ಕಳಿಸಬೇಕು ಅಂತ ಮಾಸ್ತಮ್ಮ ಕಾದಿದ್ದಾಳೆ. ಪೆದ್ದನಲ್ಲವೇ, ಒಂದು ಸಲವಾದರೂ ಮೋಸ ಹೋದಾನು, ಅಕ್ಕ ಬಂದಳು ಅಂದುಕೊಂಡು ಇಳಿದಾನು ಅಂತ ಊರದೇವರಿಗೆ ಹರಕೆ ಹೊತ್ತಿದ್ದಾಳೆ.

ದೇವರು ಏನು ಮಾಡುತ್ತಾನೋ ನನಗೆ ಗೊತ್ತಿಲ್ಲ. ಸದ್ಯಕ್ಕೆ ಕುಪ್ಪು ನೀರಿನ ಮೇಲೆ, ನಾವು ದಂಡೆಯ ಮೇಲೆ.